ಹಕ್ಕಿಗಳೂ ಹೆಂಚಿನ ಕಾರ್ಖಾನೆಯೂ

ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ ನಮಗೆಲ್ಲ ಗೊತ್ತೇ ಇದೆ. ಯೇಸುಸ್ವಾಮಿ ಆಕಾಶದ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿ, ಊಟ ಬಟ್ಟೆಗೆ ಚಿಂತೆ ಮಾಡಬೇಡಿ ಎನ್ನುವ ಭಾಗ. ಕೇಳಲು ಚೆಂದ. ತಿಂಗಳ ಕೊನೆಯಲ್ಲಿ ಓದಿದರೆ ಮಾತ್ರ, "ಹಕ್ಕಿಗಳಿಗೇನು, ಸೊಸೈಟಿ ಸಾಲ ಉಂಟಾ?" ಎಂದು ನಮ್ಮಲ್ಲೇ ಯಾರಾದರೂ ನಗುವುದುಂಟು.

ಹಕ್ಕಿ ಬಿತ್ತುವುದಿಲ್ಲ, ಸರಿ. ಆದರೆ ಬೆಳಗಾದರೆ ಗೂಡಿನಲ್ಲಿ ಕೂರುವುದೂ ಇಲ್ಲ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಮನ್ನವೂ ಹಾಗೆಯೇ. ದಿನಾ ಬೆಳಿಗ್ಗೆ ಹೋಗಿ ಆರಿಸಿ ತರಬೇಕಿತ್ತು. ನಾಳೆಗಿರಲಿ ಎಂದು ಬಚ್ಚಿಟ್ಟರೆ ಹುಳ ಬೀಳುತ್ತಿತ್ತು. ಆರನೇ ದಿನ ಮಾತ್ರ ಎರಡು ದಿನದ್ದನ್ನು ಕೂಡಿಡಬೇಕು, ಮರುದಿನ ಸಬ್ಬತ್ತು. ಮುಂದಾಲೋಚನೆ ಬೇರೆ, ಚಿಂತೆ ಬೇರೆ ಎಂದು ನಮಗೆ ಅನ್ನಿಸಿದ್ದು ಇಲ್ಲಿಯೇ.

ನಮ್ಮ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡಕ್ಕೇ ಸೇರಿತ್ತಲ್ಲ, ಹಾಗಾಗಿ ಮಂಗಳೂರಿನ ಕಥೆಯೂ ನಮ್ಮದೇ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನಿನವರಿಂದ ಕ್ರೈಸ್ತರಾದ ಅನೇಕರಿಗೆ ಮನೆ ತಪ್ಪಿತು, ಕಸುಬು ತಪ್ಪಿತು. ಕಳ್ಳು ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ. ದೇವರನ್ನು ನಂಬಿ ಬಂದವರಿಗೆ ನಾಳೆ ಗಂಜಿ ಎಲ್ಲಿಂದ? ಮಿಶನಿನವರು ಪ್ರಾರ್ಥನೆಯನ್ನೂ ಮಾಡಿದರು, ಮಗ್ಗವನ್ನೂ ಹಾಕಿದರು, ಅಚ್ಚುಕೂಟವನ್ನೂ ತೆರೆದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಎಂದು ಊರೂರು ಸುತ್ತಿದ್ದು ಅಲ್ಲಿಂದಲೇ. ಕಾರ್ಖಾನೆ ಕಟ್ಟಿದವರಿಗೆ ನಂಬಿಕೆ ಕಡಿಮೆ ಎಂದು ಹೇಳಲು ನಮಗಂತೂ ಬಾಯಿ ಬಾರದು.

ಕನ್ನಡ ಶಾಲೆಯ ಮಾಷ್ಟ್ರುಗಳಾದ ನಮಗೂ ಒಂದು ಆರನೇ ದಿನ ಉಂಟು! ಜೂನಿನಲ್ಲಿ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ, ಹುದ್ದೆ ಉಳಿಯುವುದು ಅದರ ಮೇಲೆ. ಮೇ ತಿಂಗಳಿಡೀ ನಿದ್ದೆ ಕೆಡುತ್ತದೆ. ಆದರೆ ರಾತ್ರಿ ಹಾಸಿಗೆಯಲ್ಲಿ ಎಷ್ಟು ಮಕ್ಕಳನ್ನು ಎಣಿಸಿದರೂ ಒಂದೂ ಹಾಜರಿ ಪುಸ್ತಕಕ್ಕೆ ಬರುವುದಿಲ್ಲ ಮಾರಾಯ್ರೇ. ಈಗ ರಾತ್ರಿ ಪ್ರಾರ್ಥನೆ ಮುಗಿಸಿ ಮಲಗುತ್ತೇವೆ, ಬೆಳಿಗ್ಗೆ ಮನೆ ಮನೆಗೆ ಹೋಗುತ್ತೇವೆ.

ಈ ಸಲ ಒಂದು ಮನೆಯಲ್ಲಿ ಅಜ್ಜಿ ಬೆಲ್ಲ ನೀರು ಕೊಟ್ಟು, "ಮಾಷ್ಟ್ರೇ, ಪುಳ್ಳಿ ಕನ್ನಡಕ್ಕೇ ಬರಲಿ. ಆದರೆ ಮಲಯಾಳ ಬಾರದಿದ್ದರೆ ನಾಳೆ ಕೆಲಸ ಸಿಗ್ತದಾ?" ಎಂದು ಕೇಳಿದರು. ಅವರ ಚಿಂತೆ ಸುಳ್ಳಲ್ಲ. ಸಂಜೆ ಅರ್ಧ ಗಂಟೆ ಮಲಯಾಳ ನಾವೇ ಹೇಳಿಕೊಡುತ್ತೇವೆ ಎಂದೆವು. ಅಜ್ಜಿ ಒಳಗೆ ಹೋಗಿ ಮಗುವಿನ ಜನನ ಪ್ರಮಾಣಪತ್ರ ತಂದರು.