ಪಾಲು ತೀರಿದ ದಿನ

ಪುಣೆಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಕೊಲ್ಲಾಪುರವನ್ನು ಹಿಂದೆ ಬಿಟ್ಟು ದಕ್ಷಿಣಕ್ಕೆ ಬರುವ ಪ್ರವಾಸಿಗೆ ಕನ್ನಡನಾಡಿನ ಬಾಗಿಲಿನಂತೆ ಎದುರಾಗುವ ಊರು ನಿಪ್ಪಾಣಿ. ತಂಬಾಕಿನ ಪೇಟೆಯೆಂದು ಅದು ಹೆಸರಾದದ್ದು. ಆದರೆ ಈ ಸೀಮೆಯ ಅಂತರಂಗವನ್ನು ಅರಿಯಬೇಕೆನ್ನುವವರು ಪೇಟೆಯಲ್ಲಿ ಬಹಳ ಹೊತ್ತು ನಿಲ್ಲದೆ ಪೂರ್ವಕ್ಕೆ ತಿರುಗಬೇಕು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಎಂಬ ಐದು ತಾಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದವಳು ಕೃಷ್ಣೆ. ಅವಳೂ ಅವಳ ಉಪನದಿಗಳೂ ಎಲ್ಲಿ ಹರಿಯುತ್ತವೆಯೋ ಅಲ್ಲಿ ಕಬ್ಬಿನ ಹಸಿರು. ನದಿಯಿಂದ ದೂರ ಸರಿದಂತೆ ಜೋಳದ ಹೊಲ, ಕುರುಚಲು ಗಿಡ, ಬಿಸಿಲು.

ನಿಪ್ಪಾಣಿಯ ಸಮೀಪ ಯಮಗರ್ಣಿಯಲ್ಲಿ ಹೆದ್ದಾರಿಯು ವೇದಗಂಗೆಯನ್ನು ದಾಟುತ್ತದೆ. ಈ ವೇದಗಂಗೆಯು ಮುಂದೆ ದೂಧಗಂಗೆಯನ್ನು ಕೂಡುವ ಎಡೆಯಲ್ಲಿಯೇ ಭೋಜ ಗ್ರಾಮ. ದಿಗಂಬರ ಜೈನ ಮುನಿಗಳಾದ ಆಚಾರ್ಯ ಶಾಂತಿಸಾಗರರ (1872–1955) ಬಾಳಿನೊಡನೆ ಹೆಣೆದುಕೊಂಡ ನೆಲವಿದು. ಜೈನ ಗೃಹಸ್ಥನ ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೆಂಬುದೊಂದು. ನನಗೆ ಇಷ್ಟು ಸಾಕೆಂದು ತನಗೆ ತಾನೇ ಗೆರೆ ಹಾಕಿಕೊಳ್ಳುವುದು ಅದರ ತಿರುಳು. ಎರಡು ನದಿಗಳು ಕೂಡುವಲ್ಲಿ ನಿಂತವರಿಗೆ ಆ ವ್ರತದ ನೆನಪು ಬರುವುದು ಸಹಜ. ಏಕೆಂದರೆ ಇಂದು ಈ ಐದು ತಾಲೂಕುಗಳ ಬದುಕನ್ನು ಆಳುತ್ತಿರುವ ಪ್ರಶ್ನೆಯೂ ಅದೇ. ಎಲ್ಲರಿಗೂ ಸೇರಿದ ಒಂದು ವಸ್ತುವಿನಿಂದ ಯಾರು ಎಷ್ಟು ತೆಗೆದುಕೊಳ್ಳಬೇಕು? ಸಾಕೆಂದು ಯಾವ ದಿನ ಹೇಳಬೇಕು? ಹೇಳುವವರು ಯಾರು?

ಸದಲಗೆಯನ್ನು ದಾಟಿ ಚಿಕ್ಕೋಡಿ ತಾಲೂಕಿನ ಯಡೂರಿಗೆ ಬಂದರೆ ವೀರಭದ್ರನ ಗುಡಿಯ ಬಳಿ ಕೃಷ್ಣೆಯ ದರ್ಶನವಾಗುತ್ತದೆ. ಮಳೆಗಾಲ ಬಲವಾದ ವರ್ಷಗಳಲ್ಲಿ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಮುಂತಾದ ತಗ್ಗಿನ ಸೇತುವೆಗಳೆಲ್ಲ ಮುಳುಗಿಹೋಗುತ್ತವೆ. ಬೇಸಗೆಯಲ್ಲಿ ಅದೇ ಸೇತುವೆಗಳ ಕೆಳಗೆ ಬಂಡೆಗಳು ತಲೆಯೆತ್ತುತ್ತವೆ. 2019ರಲ್ಲಿ ಈ ಎರಡು ಮುಖಗಳೂ ಒಂದೇ ವರ್ಷದೊಳಗೆ ಕಂಡವು. ಮೇ ತಿಂಗಳಲ್ಲಿ ನದಿ ಬತ್ತಿತು; ಕುಡಿಯುವ ನೀರಿಗಾಗಿ ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಪ್ರತಿಯಾಗಿ ಜತ್ತ ಮುಂತಾದ ಗಡಿ ತಾಲೂಕುಗಳಿಗೆ ಆಲಮಟ್ಟಿಯ ನೀರನ್ನು ಕೊಡುವ ಮಾತುಕತೆಗಳು ನಡೆದವು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಅದೇ ನದಿ ಊರುಗಳೊಳಗೆ ನುಗ್ಗಿತು.

ಬೇಸಗೆಯಲ್ಲಿ ಹರಿವು ನಿಂತಾಗ ನೀರು ಅಲ್ಲಲ್ಲಿ ಆಳವಾದ ಮಡುಗಳಲ್ಲಿ ಉಳಿಯುತ್ತದೆ. ನದಿಯ ಮೀನೆಲ್ಲ ಆ ಮಡುಗಳಿಗೆ ಸೇರುತ್ತದೆ. ಅಲ್ಲಿ ಬಲೆ ಬೀಸುವುದು ಸುಲಭ; ಆದರೆ ಕೊನೆಯ ಮಡುವಿನ ಕೊನೆಯ ಮೀನೆಂದರೆ ಮುಂದಿನ ವರ್ಷದ ಬೀಜ. ಬೀಜದ ಧಾನ್ಯವನ್ನು ಬೀಸಿ ಉಣ್ಣುವ ಒಕ್ಕಲಿಗನನ್ನು ಯಾರು ಮೆಚ್ಚುತ್ತಾರೆ? ಆದುದರಿಂದಲೇ ಮೀನು ಹಿಡಿಯುವವರ ಲೋಕದಲ್ಲಿ ಬಾಗಿಲು ಮುಚ್ಚುವ ಪದ್ಧತಿ ಬಹು ಹಳೆಯದು. ಅದರಲ್ಲಿ ಮೂರು ಬಗೆಗಳುಂಟು.

ಮೊದಲನೆಯದು ಸ್ಥಳವನ್ನು ಮುಚ್ಚುವುದು. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳಿಗೆ ಯಾರೂ ಕೈಹಚ್ಚುವುದಿಲ್ಲ. ಎರಡನೆಯದು ಕಾಲವನ್ನು ಮುಚ್ಚುವುದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೂರನೆಯದು ಲೆಕ್ಕದಿಂದ ಮುಚ್ಚುವುದು. ಇಂತಿಷ್ಟು ಟನ್ನು ಎಂದು ಮೊದಲೇ ಗೊತ್ತುಮಾಡಿ, ಆ ಅಂಕೆ ಮುಟ್ಟಿದ ದಿನ ಬಾಗಿಲು ಹಾಕುವುದು. ಮೊದಲೆರಡಕ್ಕೆ ಭಕ್ತಿಯೋ ಪಂಚಾಂಗವೋ ಸಾಕು. ಮೂರನೆಯದಕ್ಕೆ ತಕ್ಕಡಿ ಬೇಕು, ನಿತ್ಯದ ಬರಹ ಬೇಕು, ಮುಚ್ಚುವ ಅಧಿಕಾರವುಳ್ಳ ಒಬ್ಬ ಕಾವಲುಗಾರನೂ ಬೇಕು. ಕಡುಕಷ್ಟದ್ದು ಇದೇ.

ಇದರ ಪ್ರಸಿದ್ಧ ಉದಾಹರಣೆ ನಮ್ಮಿಂದ ಬಲುದೂರದ ಮೆಡಿಟರೇನಿಯನ್ ಸಮುದ್ರದ್ದು. ಅಲ್ಲಿ ಮೊಟ್ಟೆಯಿಡಲು ಬರುವ ನೀಲಿರೆಕ್ಕೆಯ ಟ್ಯೂನಾ ಮೀನು ಆರುನೂರು ಕಿಲೋ ತೂಗುವಷ್ಟು ಬೆಳೆಯಬಲ್ಲದು. ಅದರ ಬೇಟೆ ಮಿತಿಮೀರಿದಾಗ ರಾಷ್ಟ್ರಗಳೆಲ್ಲ ಕೂಡಿ ಪಾಲು ಹಂಚುವ ಕೆಲಸವನ್ನು ಮ್ಯಾಡ್ರಿಡ್‌ನಲ್ಲಿರುವ ಅಟ್ಲಾಂಟಿಕ್ ಟ್ಯೂನಾ ಆಯೋಗವು ಮಾಡಿತು. ಅದರ ಮೂಲ ಒಪ್ಪಂದಕ್ಕೆ ಸಹಿ ಬಿದ್ದದ್ದು 1966ರಲ್ಲಿ, ಜಾರಿಗೆ ಬಂದದ್ದು 1969ರಲ್ಲಿ. 2008ರ ಜೂನ್ ತಿಂಗಳಲ್ಲಿಯೂ 2010ರ ಜೂನ್ ತಿಂಗಳಲ್ಲಿಯೂ, ಗೊತ್ತುಪಡಿಸಿದ ಅವಧಿ ಇನ್ನೂ ಮುಗಿಯುವ ಮೊದಲೇ, ಐರೋಪ್ಯ ಆಯೋಗವು ಪರ್ಸೀನ್ ಬಲೆಯ ಹಡಗುಗಳ ಟ್ಯೂನಾ ಬೇಟೆಯನ್ನು ನಿಲ್ಲಿಸಿಬಿಟ್ಟಿತು. ಪಾಲು ತೀರಿತು, ಬಲೆ ಎತ್ತಿರಿ ಎಂಬುದೇ ಆಜ್ಞೆಯ ಸಾರ.

ಬಾಗಿಲು ಮುಚ್ಚಿದ ದಿನ ದುಃಖ ಯಾರಿಗೆ? ತಡವಾಗಿ ಬಂದವನಿಗೆ. ಒಟ್ಟು ಪಾಲನ್ನು ಮಾತ್ರ ಗೊತ್ತುಮಾಡಿ ಒಳಗಡೆ ಹಂಚದೆ ಬಿಟ್ಟರೆ, ಬಾಗಿಲು ಬೀಳುವ ಮೊದಲೇ ಬಾಚಿಕೊಳ್ಳಬೇಕೆಂದು ಪ್ರತಿಯೊಬ್ಬನೂ ಓಡುತ್ತಾನೆ. ಆ ಓಟವನ್ನು ತಡೆಯಲೆಂದೇ ಪಾಲನ್ನು ಹಡಗು ಹಡಗಿಗೂ ಮೊದಲೇ ಹಂಚುವ ಪದ್ಧತಿ ಬಂದಿತು. ಹಡಗುಗಳ ಮೇಲೆ ವೀಕ್ಷಕರು ನಿಂತರು. ಹೆಚ್ಚಿಗೆ ಹಿಡಿದವರಿಗೆ ಮುಂದಿನ ವರ್ಷಗಳ ಪಾಲಿನಲ್ಲಿ ಕಡಿತವಾಯಿತು. 2010ರಲ್ಲಿ ಪೂರ್ವ ಅಟ್ಲಾಂಟಿಕ್ ಹಾಗೂ ಮೆಡಿಟರೇನಿಯನ್‌ಗಳಿಗೆ 13,500 ಟನ್ನಿಗೆ ಇಳಿದಿದ್ದ ಪಾಲು 2023ರ ಹೊತ್ತಿಗೆ 40,570 ಟನ್ನಿಗೆ ಏರಿತು. ಮುಚ್ಚಿದ ಬಾಗಿಲು ಮೀನುಗಾರನಿಗೆ ಬಡ್ಡಿಸಮೇತ ಫಲ ಕೊಟ್ಟಿತೆನ್ನಬಹುದು.

ಕಡಲಿನ ಮೀನಿಗೂ ಕೃಷ್ಣೆಯ ನೀರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಕಡಲಿನಲ್ಲಿ ಟ್ಯೂನಾ ಒಪ್ಪಂದ ಜಾರಿಗೆ ಬಂದ ಆ 1969ರಲ್ಲಿಯೇ ಇಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ರಚನೆಯಾಯಿತು. ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯ ಆ ಮಂಡಲಿಯು 1973ರಲ್ಲಿ ತೀರ್ಪು ಕೊಟ್ಟು 1976ರಲ್ಲಿ ಅದನ್ನು ಸ್ಥಿರಪಡಿಸಿತು. ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಸಿಗುವುದೆಂದು ನಂಬಬಹುದಾದ 2,060 ಟಿಎಂಸಿ ನೀರಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಪಾಲಾಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಜಲವರ್ಷವು ಜೂನ್ 1ಕ್ಕೆ ಆರಂಭವಾಗಿ ಮೇ 31ಕ್ಕೆ ಮುಗಿಯುತ್ತದೆ. 2004ರಲ್ಲಿ ನೇಮಕವಾದ ಎರಡನೆಯ ನ್ಯಾಯಾಧಿಕರಣವು 2010ರಲ್ಲಿಯೂ 2013ರಲ್ಲಿಯೂ ಬೇರೆ ಅಂಕೆಗಳನ್ನು ಕೊಟ್ಟಿತು. ಅದರ ರಾಜಪತ್ರ ಪ್ರಕಟಣೆಗೆ 2011ರಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂದಿತು.

ಈ ಪಾಲಿನ ಕಟ್ಟುಪಾಡು ಕಣ್ಣಿಗೆ ಕಾಣುವುದು ಮೇಲ್ಗಡೆಯ ಕೊಯ್ನಾದಲ್ಲಿ. ಕರಾಡದ ಬಳಿ ಕೃಷ್ಣೆಯನ್ನು ಕೂಡುವ ಕೊಯ್ನಾ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಸುಮಾರು 105 ಟಿಎಂಸಿ ನೀರು ನಿಲ್ಲುತ್ತದೆ. ಅದರಲ್ಲಿ ಒಂದಂಶವು ಪೂರ್ವದ ದಾರಿಯನ್ನು ಬಿಟ್ಟು, ಸಹ್ಯಾದ್ರಿಯ ಒಡಲಿನ ಸುರಂಗಗಳಲ್ಲಿ ಪಶ್ಚಿಮಕ್ಕೆ ಧುಮುಕಿ ವಿದ್ಯುತ್ತನ್ನು ಹುಟ್ಟಿಸಿ, ವಾಸಿಷ್ಠಿ ನದಿಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹಾಗೆ ಹೋದ ನೀರು ಯಡೂರಿಗೆ ಎಂದೂ ಬಾರದು. ಬಚಾವತ್ ತೀರ್ಪಿನಲ್ಲಿ ಈ ಪಶ್ಚಿಮದ ಪಾಲು ವರ್ಷಕ್ಕೆ 67.5 ಟಿಎಂಸಿ. ಜಲವರ್ಷ ಮುಗಿಯುವ ಮೊದಲೇ ಆ ಅಂಕೆ ಹತ್ತಿರವಾಯಿತೆಂದರೆ ಉತ್ಪಾದನೆಯನ್ನು ತಗ್ಗಿಸಬೇಕಾಗುತ್ತದೆ. ಯಂತ್ರಗಳು ಸಜ್ಜಾಗಿವೆ, ಜಲಾಶಯದಲ್ಲಿ ನೀರೂ ಇದೆ. ಆದರೂ ಪಾಲು ತೀರಿದೆ. ಮೆಡಿಟರೇನಿಯನ್ನಿನ ಹಡಗುಗಳಿಗೆ ಬಂದ ಆಜ್ಞೆಯೂ ಇದೇ ಜಾತಿಯದು. ಸುರಂಗದ ಬಾಯಲ್ಲಿ ನೀರನ್ನು ಅಳೆಯುವುದು ಸುಲಭ. ಕೀಲಿಕೈಯೂ ಒಬ್ಬರ ಬಳಿಯಲ್ಲಿದೆ. ಆದುದರಿಂದ ಅಲ್ಲಿ ಲೆಕ್ಕಕ್ಕೆ ಬೆಲೆಯುಂಟು.

ಇನ್ನು ನದಿಯ ಗುಂಟ ಕೆಳಗಿಳಿದು ಬರೋಣ. ಗಡಿಯಾಚೆಗೆ ತಾಕಾರಿ, ಟೆಂಭೂ, ಮ್ಹೈಸಾಳ ಏತ ನೀರಾವರಿಗಳು ಕೃಷ್ಣೆಯನ್ನು ಎತ್ತುತ್ತವೆ. ರಾಜಾಪುರದ ಬ್ಯಾರೇಜನ್ನು ದಾಟಿದ ಮೇಲೆ ನದಿ ನಮ್ಮದಾಗುತ್ತದೆ. ಮಾಂಜರಿ–ಅಂಕಲಿಗಳನ್ನು ಬಿಟ್ಟು ರಾಯಬಾಗ ತಾಲೂಕಿನ ಕುಡಚಿಗೆ ಬಂದರೆ ಮಿರಜದ ರೈಲುಮಾರ್ಗವು ನದಿಯನ್ನು ದಾಟುವ ಸೇತುವೆ. ಆಚೆಯ ದಡದಲ್ಲಿ ಕಾಗವಾಡ ತಾಲೂಕಿನ ಉಗಾರ, ಅಲ್ಲಿಯ ಹಳೆಯ ಸಕ್ಕರೆ ಕಾರ್ಖಾನೆ. ಎತ್ತ ನೋಡಿದರತ್ತ ಕಬ್ಬು. ಕಬ್ಬೆಂದರೆ ವರ್ಷವಿಡೀ ನೀರು ಬೇಡುವ ಬೆಳೆ. ದಡದಿಂದ ಹೊಲಕ್ಕೆ ಪೈಪುಗಳು ಸಾಲಾಗಿ ಮೇಲೇರಿವೆ. ಮಾರ್ಚ್ ತಿಂಗಳಲ್ಲಿ ನೀರಿನ ಮಟ್ಟ ಇಳಿಯತೊಡಗಿದಾಗ ಇಲ್ಲಿ ನಡೆಯುವುದೂ ಆ ಹಡಗುಗಳ ಓಟವೇ. ನಾನು ಎತ್ತದಿದ್ದರೆ ನೆರೆಯವನು ಎತ್ತುವನು ಎಂಬ ಭಯವು ಸಜ್ಜನನನ್ನೂ ಆತುರಗಾರನನ್ನಾಗಿ ಮಾಡುತ್ತದೆ. ಇದರಲ್ಲಿ ರೈತನ ದುರಾಶೆಯನ್ನು ಹುಡುಕುವುದು ಅನ್ಯಾಯ. ಅವನ ಪಾಲೆಷ್ಟೆಂದು ಯಾರೂ ಅವನಿಗೆ ಹೇಳಿಲ್ಲ. ಹೊಲದಲ್ಲಿ ನಿಂತ ಬೆಳೆಯ ಸಾಲ ಮಾತ್ರ ಅವನಿಗೆ ಗೊತ್ತು.

ನ್ಯಾಯಾಧಿಕರಣವೇನೋ ಪ್ರತಿ ರಾಜ್ಯವೂ ಜಲವರ್ಷದ ಬಳಕೆಯ ಲೆಕ್ಕವನ್ನು ಇಡಬೇಕೆಂದು ವಿಧಿಸಿತು. ಆದರೆ ವಾರ್ಷಿಕ ಲೆಕ್ಕವೆಂಬುದು ವರ್ಷ ಕಳೆದ ಮೇಲಿನ ಮಾತು. ಊಟವಾದ ಮೇಲೆ ಅಕ್ಕಿ ಅಳೆದಂತೆ ಅದು. ಟ್ಯೂನಾದ ಹಡಗು ಹಿಡಿದ ಮೀನಿನ ವರದಿಯನ್ನು ಋತು ನಡೆಯುತ್ತಿರುವಾಗಲೇ ಕಳುಹಿಸಬೇಕು; ಅದನ್ನು ಕೂಡಿಸಿ, ಪಾಲು ಎಂದು ತೀರುವುದೆಂದು ಮುಂಚೆಯೇ ಎಣಿಸುತ್ತಾರೆ. ನದಿಯ ಪಂಪಸೆಟ್ಟಿಗೆ ಅಂಥ ವರದಿಯಿಲ್ಲ. ಬೇಸಗೆಯ ಬಿಕ್ಕಟ್ಟಿನಲ್ಲಿ ಕುಡಿಯುವ ನೀರನ್ನು ಉಳಿಸಲು ದಡದ ಪಂಪುಗಳ ವಿದ್ಯುತ್ತನ್ನು ಕಡಿಯುವುದೊಂದೇ ಅಧಿಕಾರಿಗಳಿಗೆ ಉಳಿಯುವ ದಾರಿ. ಅದೂ ಬಾಗಿಲು ಮುಚ್ಚುವುದೇ ಸರಿ. ಆದರೆ ಮನೆ ಬರಿದಾದ ಮೇಲೆ ಹಾಕುವ ಬಾಗಿಲು.

ಇದರ ಬಿಸಿ ತಟ್ಟುವುದು ಕೊನೆಯವರಿಗೆ. ಅಥಣಿಯ ಪೇಟೆಯನ್ನು ದಾಟಿ ಉತ್ತರಕ್ಕೆ ಹೋದರೆ ನದಿಯ ಹಸಿರು ಹಿಂದೆ ಉಳಿದು ಮಳೆಯ ನೆರಳಿನ ಸೀಮೆ ತೆರೆಯುತ್ತದೆ. ಐನಾಪುರ, ಕರಿಮಸೂತಿಗಳಂಥ ಏತ ನೀರಾವರಿಗಳು ನದಿಯಿಂದ ದೂರದ ಹೊಲಗಳಿಗೆ ನೀರನ್ನು ಮುಟ್ಟಿಸಲೆಂದು ಹುಟ್ಟಿದವು. ಆದರೆ ನದಿಯಲ್ಲಿ ನೀರೇ ಇಲ್ಲದಾಗ ಏತವೇನು ಎತ್ತೀತು? ದಡದವನು ಮೊದಲು ಮುಳುಗುವವನು, ಕೊನೆಗೆ ಬಾಯಾರುವವನು. ದೂರದವನು ಎಂದೂ ಮುಳುಗುವುದಿಲ್ಲ, ಆದರೆ ಎಲ್ಲರಿಗಿಂತ ಮೊದಲು ಬಾಯಾರುತ್ತಾನೆ. ನಾಲ್ಕನೆಯ ವರ್ಷ, ಅಂದರೆ ಮಳೆ ಕೈಕೊಟ್ಟ ವರ್ಷ, 560, 700, 800 ಎಂಬ ಅಂಕೆಗಳು ಕಾಗದದಲ್ಲಿ ಇದ್ದಂತೆಯೇ ಇರುತ್ತವೆ. ನೀರು ಮಾತ್ರ ಇರುವುದಿಲ್ಲ.

ಮೀನಿಗೂ ನೀರಿಗೂ ಒಂದು ಅಂತರವಿದೆಯೆಂಬುದನ್ನು ಮರೆಯಬಾರದು. ಉಳಿಸಿದ ಮೀನು ಮರಿ ಹಾಕಿ ಹೆಚ್ಚುತ್ತದೆ. ಉಳಿಸಿದ ನೀರು ಹೆಚ್ಚುವುದಿಲ್ಲ, ಬಿಸಿಲಿಗೆ ಆರುತ್ತದೆ. ಆದರೆ ಜೂನ್ ತಿಂಗಳ ಮೊದಲ ಮಳೆಯವರೆಗೆ ಮಡುವಿನಲ್ಲಿ ಉಳಿದ ನೀರು ಊರಿನ ಕೊಡಗಳನ್ನು ತುಂಬಿಸುತ್ತದೆ, ನದಿಯ ಮೀನಿನ ಬೀಜವನ್ನು ಕಾಯುತ್ತದೆ. ಅಷ್ಟಕ್ಕಾದರೂ ಮೊದಲೇ ಗೆರೆ ಹಾಕಬಾರದೇ? ಕುಡಿಯುವ ನೀರನ್ನು ಮೊದಲು ಎತ್ತಿಟ್ಟು, ಉಳಿದುದನ್ನು ಚಳಿಗಾಲದಲ್ಲಿಯೇ ಊರೂರಿಗೆ ಹಂಚಿ, ರಾಜಾಪುರದಲ್ಲಿ ಎಷ್ಟು ಬಂತು, ಮುಂದಕ್ಕೆ ಎಷ್ಟು ಹೋಯಿತೆಂಬ ನಿತ್ಯದ ಅಂಕೆಯನ್ನು ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಬರೆದರೆ ರೈತನು ತನ್ನ ಕಬ್ಬಿನ ಎಕರೆಗಳನ್ನು ತಾನೇ ಎಣಿಸಿಕೊಂಡಾನು. ಹಂಚಿ ಉಂಡರೆ ಹಸಿವಿಲ್ಲವೆಂಬ ಗಾದೆ ಈ ಸೀಮೆಯವರಿಗೆ ಹೊಸದಲ್ಲ. ಹಂಚುವುದಕ್ಕೆ ಮೊದಲು ಎಣಿಸಬೇಕೆಂಬುದನ್ನು ಮಾತ್ರ ಆ ಗಾದೆಗೆ ಕೂಡಿಸಿಕೊಳ್ಳಬೇಕಾಗಿದೆ.

ಅಥಣಿಯಿಂದ ಪೂರ್ವಕ್ಕೆ ಕೃಷ್ಣೆಯು ಹಿಪ್ಪರಗಿಯ ಬ್ಯಾರೇಜಿನತ್ತ, ಅಲ್ಲಿಂದ ಆಲಮಟ್ಟಿಯತ್ತ ಸಾಗುತ್ತಾಳೆ. ಅಲ್ಲಿಯೂ ಅವಳಿಗಾಗಿ ಕಾದವರಿದ್ದಾರೆ. ಅವರ ಕೆಳಗೆ ತೆಲಂಗಾಣ, ಆಂಧ್ರಗಳಲ್ಲಿಯೂ ಇದ್ದಾರೆ. ಕೊಯ್ನಾದತ್ತ ಮುಖಮಾಡಿ ನಾವು ಏನನ್ನು ಕೇಳುತ್ತೇವೆಯೋ, ಅದನ್ನೇ ಅವರು ನಮ್ಮತ್ತ ಮುಖಮಾಡಿ ಕೇಳುತ್ತಿದ್ದಾರೆ.