ಐನ್‌ಸ್ಟೈನ್ ತಪ್ಪು ಅನ್ನುವ ನಮ್ಮ ಮಾವ

ಪೈಥಾಗೊರಸ್ ತಪ್ಪು ಅಂತ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಓಮ್‌ನ ನಿಯಮದ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಸಾಪೇಕ್ಷತಾ ಸಿದ್ಧಾಂತ ಅಂದಕೂಡಲೇ ಎಲ್ಲೋ ಒಬ್ಬ ನಿವೃತ್ತ ಇಂಜಿನಿಯರ್, ಒಬ್ಬ ವಕೀಲ, ಒಬ್ಬ ಮೇಷ್ಟ್ರು ಎದ್ದು ನಿಂತು “ಇದು ಒಪ್ಪೋ ಮಾತಲ್ಲ” ಅಂತಾರೆ. 2019ರ ಜನವರಿಯಲ್ಲಿ ಜಲಂಧರ್‌ನ ಭಾರತೀಯ ವಿಜ್ಞಾನ ಕಾಂಗ್ರೆಸ್ ವೇದಿಕೆಯಲ್ಲೇ ಒಬ್ಬರು ನ್ಯೂಟನ್ನೂ ತಪ್ಪು, ಐನ್‌ಸ್ಟೈನೂ ತಪ್ಪು ಅಂದುಬಿಟ್ಟರು. ಯಾಕೆ ಹೀಗೆ? ನನಗನ್ನಿಸುವುದು ಇಷ್ಟು: ಉಳಿದ ನಿಯಮಗಳು ತಮ್ಮ ಪಾಡಿಗೆ ಪ್ರಯೋಗಾಲಯದಲ್ಲಿ ಇರುತ್ತವೆ. ಇದು ಮಾತ್ರ ಸೀದಾ ಬಂದು ನಮ್ಮ ಕೈಗಡಿಯಾರಕ್ಕೇ ಕೈ ಹಾಕುತ್ತದೆ.

ನಮ್ಮ ಕುಟುಂಬದಲ್ಲಿ ಹಾಗೆ ಎದ್ದು ನಿಂತವರು ನನ್ನ ಸೋದರಮಾವ. ಊರು ಅರ್ಗಾ. ಕಾರವಾರದಿಂದ ಅಂಕೋಲಾ ಕಡೆ ಹೋಗುವಾಗ ಹೆದ್ದಾರಿಯಲ್ಲಿ ನೌಕಾನೆಲೆ ಸಿಗುತ್ತದಲ್ಲ, ಅದೇ ಅರ್ಗಾ. ನೆಲೆ ಬಂದ ಮೇಲೆ ಮನೆ ಬೇರೆ ಕಡೆ ಹೋಯಿತು. ಆದರೂ “ಯಾವೂರು?” ಅಂದರೆ ಮಾವ ಈಗಲೂ ಅರ್ಗಾ ಅಂತಲೇ ಹೇಳುವುದು. ಹೈಸ್ಕೂಲಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಆಮೇಲೆ ಕೂತು ಬರೆದದ್ದು ಮೂರು ಲಾಂಗ್ ನೋಟ್‌ಬುಕ್ಕು. ವಿಷಯ: ಐನ್‌ಸ್ಟೈನ್ ಎಲ್ಲೆಲ್ಲಿ ಎಡವಿದ್ದಾನೆ.

ಈ ಹುಚ್ಚಿಗೆ ಒಂದು ತಾರೀಖಿದೆ: 1980ರ ಫೆಬ್ರವರಿ 16, ಶನಿವಾರ. ಅವತ್ತಿನ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಕಾರವಾರ-ಅಂಕೋಲಾ ಕರಾವಳಿಯಲ್ಲೇ. ಅಲ್ಲಿಂದ ರಾಯಚೂರು, ಆಂಧ್ರ ಹಾಯ್ದು ಒಡಿಶಾದಲ್ಲಿ ಮತ್ತೆ ಕಡಲಿಗಿಳಿಯಿತು. ಊರವರು ಬಾಗಿಲು ಹಾಕಿಕೊಂಡು ಒಳಗೆ. ಹೈಸ್ಕೂಲು ಹುಡುಗ ಮಾವ ಮಾತ್ರ ಹಿತ್ತಲಲ್ಲಿ ಸಗಣಿ ನೀರಿನ ತಟ್ಟೆ ಇಟ್ಟುಕೊಂಡು ಕೂತಿದ್ದರಂತೆ. ಇಳಿಹೊತ್ತಿನಲ್ಲಿ ಎರಡು ನಿಮಿಷಕ್ಕೂ ಮೀರಿ ಕತ್ತಲು, ಗೂಡಿಗೆ ಹೊರಟ ಕಾಗೆಗಳು, ಹಗಲಲ್ಲೇ ಚುಕ್ಕಿ. ಸೋಮವಾರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು “ಇಂಥದೇ ಗ್ರಹಣದಲ್ಲಿ ಐನ್‌ಸ್ಟೈನ್ ಪಾಸಾದದ್ದು” ಅಂದರಂತೆ. ಮಾವ ಕೈ ಎತ್ತಿದರು. “ಹೇಗೆ ಸರ್?” ಉತ್ತರ ಸಿಗಲಿಲ್ಲ, ಕೂತ್ಕೋ ಅನ್ನಿಸಿಕೊಂಡರು. ಆ ಕೈ ಇನ್ನೂ ಇಳಿದಿಲ್ಲ.

ಮನೆಯಲ್ಲಿ ಅವರಿಗೆ ಸಿಗುತ್ತಿದ್ದ ಉತ್ತರ ಒಂದೇ: “ಹೌದು ಹೌದು, ಊಟಕ್ಕೆ ಬನ್ನಿ.” ಎಲ್ಲರೂ ತಲೆಯಾಡಿಸುತ್ತಿದ್ದರು, ಓದಿದವರು ಯಾರೂ ಇಲ್ಲ. ಕಳೆದ ದೀಪಾವಳಿಯಲ್ಲಿ ಮೂರನ್ನೂ ಚೀಲಕ್ಕೆ ಹಾಕಿ ನನ್ನ ಕೈಗಿಟ್ಟರು. “ನೀ ಬೆಂಗಳೂರಲ್ಲಿ ಮ್ಯಾಪಿನ ಕೆಲ್ಸ ಮಾಡ್ತೆ ಅಲ್ವಾ ತಮಾ? ಓದಿ ಹೇಳು. ಸರಿಯಾದ್ರೆ ಸರಿ, ತಪ್ಪಾದ್ರೆ ತಪ್ಪು.”

ಓದಿದೆ. ಮೂರು ತಿಂಗಳು ಹಿಡಿಯಿತು. ಜೊತೆಗೆ ಇಂಥ ತಕರಾರುಗಳ ಚರಿತ್ರೆಯನ್ನೂ ಓದಿಕೊಂಡೆ.

ಕೆಲವು ತಕರಾರು ಬರೀ ದ್ವೇಷ. 1920ರ ಆಗಸ್ಟ್ 24ರಂದು ಬರ್ಲಿನ್‌ನ ಫಿಲ್‌ಹಾರ್ಮೊನಿಕ್ ಸಭಾಂಗಣದಲ್ಲಿ ಸಾಪೇಕ್ಷತೆಯ ವಿರುದ್ಧವೇ ಒಂದು ಸಭೆ ನಡೆಯಿತು. ಐನ್‌ಸ್ಟೈನ್ ತಾವೇ ಹೋಗಿ ಪ್ರೇಕ್ಷಕರ ನಡುವೆ ಕೂತಿದ್ದರು. ಸಿದ್ಧಾಂತಕ್ಕಿಂತ ಅವರು ಯಹೂದಿ ಅನ್ನುವುದೇ ಹಲವರಿಗೆ ದೊಡ್ಡ ಸಮಸ್ಯೆ. 1931ರಲ್ಲಿ ‘ಐನ್‌ಸ್ಟೈನ್ ವಿರುದ್ಧ ನೂರು ಲೇಖಕರು’ ಅಂತ ಪುಸ್ತಕವೇ ಬಂತು. ನಾನು ತಪ್ಪಾಗಿದ್ದರೆ ಒಬ್ಬ ಸಾಕಿತ್ತಲ್ಲ ಅಂದರು ಅನ್ನುವ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ.

ಇನ್ನು ಕೆಲವರು ಹಾಗಲ್ಲ. ಮೊದಲ ಸೀಸಿಯಂ ಪರಮಾಣು ಗಡಿಯಾರವನ್ನು 1955ರಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಲೂಯಿ ಎಸೆನ್ ಸಾಪೇಕ್ಷತೆಯನ್ನು ಕೊನೆಗೂ ಒಪ್ಪಲಿಲ್ಲ. ಸಿದ್ಧಾಂತ ಪರೀಕ್ಷೆಯಾದದ್ದು ಅಂಥ ಗಡಿಯಾರಗಳಿಂದಲೇ! ನಮ್ಮಲ್ಲಿ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಶಾ ಮುಹಮ್ಮದ್ ಸುಲೇಮಾನ್ ಇದ್ದರು. ಸೂರ್ಯನ ಪಕ್ಕ ಬೆಳಕು ಐನ್‌ಸ್ಟೈನ್ ಹೇಳಿದ್ದಕ್ಕಿಂತ ಹೆಚ್ಚು ಬಾಗುತ್ತದೆ ಅಂತ 1930ರ ದಶಕದಲ್ಲಿ ಲೆಕ್ಕ ಕೊಟ್ಟರು. 1936ರ ಗ್ರಹಣದ ಒಂದು ಸೋವಿಯತ್ ಅಳತೆ ನಿಜಕ್ಕೂ ಹೆಚ್ಚು ಬಂತು. ಆದರೆ ಮುಂದಿನ ಸೂಕ್ಷ್ಮ ಅಳತೆಗಳು ಐನ್‌ಸ್ಟೈನ್ ಪರ ನಿಂತವು. ಸುಲೇಮಾನ್ ಸೋತರು, ಸರಿ. ಆದರೆ ಗ್ರಹಣಕ್ಕೆ ಮೊದಲೇ ತಮ್ಮ ಸಂಖ್ಯೆ ಹೇಳಿದ್ದರು. ಎಲ್ಲಿ ಸೋಲಬಹುದು ಅಂತ ಮುಂಚೆಯೇ ತೋರಿಸಿಕೊಟ್ಟ ತಕರಾರು ಅದು.

ಈಗ ಮಾವನ ಮೊದಲ ನೋಟ್‌ಬುಕ್ಕು. ಅವಳಿ ಅಣ್ಣ-ತಮ್ಮ. ತಮ್ಮ ರಾಕೆಟ್ ಹತ್ತಿ ಹೋಗಿಬಂದರೆ ಅವನಿಗೆ ವಯಸ್ಸು ಕಡಿಮೆ ಆಗಿರುತ್ತದೆ ಅಂತಾರೆ. ಆದರೆ ಚಲನೆ ಸಾಪೇಕ್ಷ ಅಂದಮೇಲೆ, ತಮ್ಮನ ಕಣ್ಣಲ್ಲಿ ಓಡಿದ್ದು ಅಣ್ಣನೇ. ಇಬ್ಬರೂ ಒಬ್ಬರಿಗಿಂತ ಒಬ್ಬರು ಚಿಕ್ಕವರಾಗುವುದು ಹೇಗೆ? ಒಳ್ಳೇ ಪ್ರಶ್ನೆ. ಬ್ರಿಟನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಹರ್ಬರ್ಟ್ ಡಿಂಗಲ್ ಇಂಥದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಜಗಳವಾಡಿ, 1972ರಲ್ಲಿ ಪುಸ್ತಕವನ್ನೇ ಬರೆದರು.

ಮಾವನಿಗೆ ನಾನು ಹೇಳಿದ್ದು ಹೀಗೆ. “ಕಾರವಾರದಿಂದ ಇಬ್ಬರು ಅಂಕೋಲಾಕ್ಕೆ ಹೊರಟ್ರು. ಒಬ್ಬ ಅರ್ಗಾ ಮೇಲೆ ಸೀದಾ ಹೋದ. ಇನ್ನೊಬ್ಬ ಕೈಗಾ ಸುತ್ತಿ ಯಲ್ಲಾಪುರಕ್ಕೆ ಹತ್ತಿ ಇಳಿದು ಬಂದ. ಇಬ್ಬರ ಬೈಕಿನ ಮೀಟರು ಬೇರೆ ಬೇರೆ ತೋರಿಸಿದ್ರೆ ಅದು ವಿರೋಧಾಭಾಸವಾ ಮಾವ?” ಗಡಿಯಾರವೂ ಒಂದು ಮೀಟರೇ. ಕಿಲೋಮೀಟರ್ ಬದಲು ನಾವು ಸಾಗಿದ ಕಾಲವನ್ನು ಎಣಿಸುತ್ತದೆ. ವಿಚಿತ್ರ ಒಂದೇ: ಇಲ್ಲಿ ಸುತ್ತು ಹೊಡೆದವನ ಮೀಟರು ಕಮ್ಮಿ ತೋರಿಸುತ್ತದೆ. ಮತ್ತೆ ವಾಪಸ್ ಬರಬೇಕಾದರೆ ತಮ್ಮ ಎಲ್ಲೋ ಒಂದು ಕಡೆ ರಾಕೆಟ್ ತಿರುಗಿಸಲೇಬೇಕು. ಅಣ್ಣ ಎಲ್ಲೂ ತಿರುಗಿಲ್ಲ. ಇಬ್ಬರೂ ಸಮಾನ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಎರಡನೇ ನೋಟ್‌ಬುಕ್ಕು 1919ರ ಮೇ 29ರ ಗ್ರಹಣದ್ದು. ಎಡಿಂಗ್ಟನ್ ತಂಡ ತನಗೆ ಬೇಕಾದ ಫೋಟೋ ಮಾತ್ರ ಆರಿಸಿಕೊಂಡಿತು ಅನ್ನುವುದು ಮಾವನ ಆರೋಪ. ಇದೂ ಗಾಳಿಮಾತಲ್ಲ. ಐನ್‌ಸ್ಟೈನ್ ಲೆಕ್ಕ 1.75 ಆರ್ಕ್‌ಸೆಕೆಂಡ್. ಎರಡೂವರೆ ಕಿಲೋಮೀಟರ್ ಆಚೆ ಇಟ್ಟ ಒಂದು ರೂಪಾಯಿ ನಾಣ್ಯ ಎಷ್ಟು ಕಾಣುತ್ತದೋ ಹೆಚ್ಚುಕಮ್ಮಿ ಅಷ್ಟು. ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿದ್ದ ಎರಡು ದೂರದರ್ಶಕಗಳಲ್ಲಿ ಒಂದರ ಚಿತ್ರಗಳು 0.93 ಕೊಟ್ಟವು, ಅಂದರೆ ನ್ಯೂಟನ್ ಕಡೆಗೆ. ಬಿಸಿಲಿಗೆ ಉಪಕರಣದ ಫೋಕಸ್ ಕೆಟ್ಟಿತ್ತು ಅಂತ ಅವನ್ನು ಪಕ್ಕಕ್ಕಿಟ್ಟರು. ಅನುಮಾನ ಬರುವುದು ಸಹಜವೇ. ಆದರೆ 1979ರಲ್ಲಿ, ನಮ್ಮೂರಿಗೆ ಗ್ರಹಣ ಬರುವ ಹಿಂದಿನ ವರ್ಷ, ಗ್ರೀನಿಚ್‌ನವರು ಆ ಪಕ್ಕಕ್ಕಿಟ್ಟ ಗಾಜಿನ ತಟ್ಟೆಗಳನ್ನೇ ಹೊಸ ಯಂತ್ರದಲ್ಲಿ ಮತ್ತೆ ಅಳೆದರು. ಬಂದದ್ದು 1.55, ಐನ್‌ಸ್ಟೈನ್ ಕಡೆಗೇ. ಈಗಂತೂ ರೇಡಿಯೋ ದೂರದರ್ಶಕಗಳಿಗೆ ಗ್ರಹಣವೇ ಬೇಕಿಲ್ಲ.

“ಇದೆಲ್ಲ ಯಾರದೋ ಅಳತೆ. ನಿನ್ನ ಕೆಲ್ಸದಲ್ಲಿ ಏನುಂಟು ಹೇಳು” ಅಂದರು ಮಾವ.

ಉಂಟಲ್ಲ! ಜಿಪಿಎಸ್ ಉಪಗ್ರಹದ ಗಡಿಯಾರ ವೇಗದ ಕಾರಣಕ್ಕೆ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಒಟ್ಟು 38 ಮುಂದೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಹೋಗಿರುತ್ತದೆ. ಸರಿಪಡಿಸದಿದ್ದರೆ ನಿಮ್ಮ ಬಿರಿಯಾನಿಯ ಕಥೆ ಮುಗಿದಂತೆ. ನನಗೆ ಇಷ್ಟವಾದದ್ದು ಇದರ ಹಿಂದಿನ ಕಥೆ. 1977ರಲ್ಲಿ ಪರೀಕ್ಷಾ ಉಪಗ್ರಹ ಹಾರಿಸುವಾಗ ಇದೆಲ್ಲ ನಿಜವಾ ಅಂತ ಕೆಲವರಿಗೆ ಅನುಮಾನವಿತ್ತು. ತಿದ್ದುಪಡಿಗೆ ಒಂದು ಸ್ವಿಚ್ ಇಟ್ಟು, ಅದನ್ನು ಆಫ್ ಮಾಡಿಯೇ ಹಾರಿಸಿದರು. ಇಪ್ಪತ್ತು ದಿನ ನೋಡಿದರು. ಗಡಿಯಾರ ಹೆಚ್ಚುಕಮ್ಮಿ ಲೆಕ್ಕ ಹೇಳಿದಷ್ಟೇ ಮುಂದೆ ಓಡಿತು. ಸ್ವಿಚ್ ಆನ್ ಮಾಡಿದರು. ತಕರಾರು ಎತ್ತಿದವರನ್ನು ನೋಡಿ ಯಾರೂ ನಗಲಿಲ್ಲ, “ಹೌದು ಹೌದು” ಅಂತ ತಲೆಯಾಡಿಸಲೂ ಇಲ್ಲ. ಅವರ ಅನುಮಾನಕ್ಕೂ ಒಂದು ಸ್ವಿಚ್ ಇಟ್ಟರು.

ಮಾವ ತುಂಬಾ ಹೊತ್ತು ಸುಮ್ಮನಿದ್ದರು. ಮೂವತ್ತು ವರ್ಷ ಮಕ್ಕಳ ಲೆಕ್ಕಕ್ಕೆ ಕೆಂಪು ಗೆರೆ ಎಳೆದವರಿಗೆ ಸೋದರಳಿಯ ಗೆರೆ ಎಳೆಯುವುದು ಸಣ್ಣ ಸಂಗತಿಯಲ್ಲ. ಅತ್ತೆ ಒಳಗಿಂದ “ದೊಡ್ಡೋರ ಹತ್ರ ಹಂಗೆಲ್ಲ ವಾದ ಮಾಡ್ಬಾರ್ದು” ಅಂದರು. ಮಾವನೇ ತಡೆದರು. “ಅಂವ ಒಬ್ನೇ ಓದಿದ್ದು. ಹೇಳ್ಲಿ.”

“ಮೂರನೇದು?”

ಮೂರನೇದರಲ್ಲಿ ಕಪ್ಪುರಂಧ್ರದ ಬಗ್ಗೆ ಬರೆದಿದ್ದರು. ಅದರ ನಡುವೆ ಸಾಂದ್ರತೆ ಅನಂತ ಅಂತ ಸಮೀಕರಣ ಹೇಳಿದರೆ ಅದು ಉತ್ತರವಾ, ಸಿದ್ಧಾಂತ ಕೊಟ್ಟ ರಾಜೀನಾಮೆಯಾ? ಈ ಪ್ರಶ್ನೆಗೆ ನನ್ನ ಹತ್ತಿರ ಕೆಂಪು ಪೆನ್ನಿಲ್ಲ. ಭೌತವಿಜ್ಞಾನಿಗಳು ಕೂಡ ಅಲ್ಲಿ ಸಿದ್ಧಾಂತ ಮುರಿಯುತ್ತದೆ ಅಂತಲೇ ಹೇಳುತ್ತಾರೆ. ಕ್ವಾಂಟಂ ಲೆಕ್ಕಕ್ಕೂ ಇದಕ್ಕೂ ಹೊಂದಾಣಿಕೆ ಇನ್ನೂ ಆಗಿಲ್ಲ. ಕಪ್ಪುರಂಧ್ರವನ್ನು ಅಲುಗಾಡಿಸಿದರೆ ಗಂಟೆ ಹೊಡೆದಂತೆ ಹೇಗೆ ಅನುರಣಿಸಿ ಅಡಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 2015ರ ಸೆಪ್ಟೆಂಬರ್ 14ರಂದು ಸಿಕ್ಕ ಗುರುತ್ವ ಅಲೆಯ ಕೊನೆಯಲ್ಲಿ ಅಂಥ ಅನುರಣನವೇ ಕಂಡಿತು. ಈಗ ಅದನ್ನೇ ಹಿಡಿದು ಐನ್‌ಸ್ಟೈನ್ ಎಲ್ಲಾದರೂ ತಪ್ಪಿದ್ದಾರಾ ಅಂತ ಹುಡುಕುತ್ತಿದ್ದಾರೆ. ಅಂದರೆ ಆ ಸಿದ್ಧಾಂತದ ಮೇಲೆ ಅತಿ ಹೆಚ್ಚು ಅನುಮಾನ ಪಡುವವರು ಅದನ್ನು ಅರೆದು ಕುಡಿದವರೇ.

ಮಾವ ಮೊದಲೆರಡು ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿದ್ದಾರಂತೆ. ನಾಲ್ಕನೇದು ಶುರುವಾಗಿದೆ. ಮೊನ್ನೆ ಫೋಟೋ ಕಳಿಸಿದ್ದರು. ಮೊದಲ ಪುಟದ ಮೇಲೆ, ಬೋರ್ಡಿನ ಮೇಲೆ ಬರೆಯುವಂಥ ದುಂಡು ಅಕ್ಷರದಲ್ಲಿ ಒಂದೇ ಸಾಲು: “ನಾನು ಹೇಳುವುದು ತಪ್ಪಾದರೆ ಅದು ಎಲ್ಲಿ ಗೊತ್ತಾಗಬೇಕು?”