ಓಕ್ಲೆಂಡಿನ ನೂಲಿನ ಮನೆ

ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ನೀರಿನಡಿಯ ಸುರಂಗದಲ್ಲಿ ರೈಲು ಓಡುವಾಗ ಕಿಟಕಿಯಲ್ಲಿ ಕಾಣುವುದು ಕತ್ತಲೆ ಮತ್ತು ನಮ್ಮ ಮುಖಗಳು ಮಾತ್ರ. ಕೆಲವೇ ನಿಮಿಷಗಳಲ್ಲಿ ಆಚೆಯ ದಡದ ಓಕ್ಲೆಂಡ್ ನಗರ ಬರುತ್ತದೆ. 2024ರ ಬೇಸಗೆಯಲ್ಲಿ ತಮ್ಮನ ಮನೆಗೆಂದು ಹೋಗಿದ್ದ ನಾವಿಬ್ಬರು ಆ ಊರಿಗೆ ಹೊರಟದ್ದು ಅಲ್ಲಿಯ ಪ್ರಸಿದ್ಧ ಸರೋವರವನ್ನು ಕಾಣಲು ಅಲ್ಲ. ಹಿಂದೊಮ್ಮೆ ಮೋಟಾರು ರಿಪೇರಿಯ ಷೆಡ್ಡಾಗಿದ್ದ ಒಂದು ಕಟ್ಟಡವನ್ನು ನೋಡಲು.

ಆ ಕಟ್ಟಡದಲ್ಲಿ 'ಕ್ರಿಯೇಟಿವ್ ಗ್ರೋತ್' ಎಂಬ, ಅಂಗವಿಕಲರ ಕಲಾಕೇಂದ್ರವಿದೆ. ಅದಕ್ಕೆ ಐವತ್ತು ವರ್ಷ ತುಂಬಿದ ಪ್ರಯುಕ್ತ ಸ್ಯಾನ್‌ಫ್ರಾನ್ಸಿಸ್ಕೋದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಏರ್ಪಟ್ಟಿದ್ದ ಪ್ರದರ್ಶನವನ್ನು ಹಿಂದಿನ ದಿನ ನೋಡಿದ್ದೆವು. ಅಲ್ಲಿದ್ದ ಕೆಲವು ಶಿಲ್ಪಗಳು ನಮ್ಮನ್ನು ಹಿಡಿದು ನಿಲ್ಲಿಸಿದವು. ಅವು ಕಲ್ಲಿನವಲ್ಲ, ನೂಲಿನವು. ಉಣ್ಣೆ, ದಾರ, ಬಟ್ಟೆಯ ಚೂರುಗಳನ್ನು ಸುತ್ತಿ, ಬಿಗಿದು, ಗಂಟಿಕ್ಕಿ ಮಾಡಿದ ಗೂಡಿನಂಥ ಆಕೃತಿಗಳು. ಧಾರವಾಡದವಳಾದ ನನ್ನ ಮಡದಿ ಬಹಳ ಹೊತ್ತು ನೋಡಿ, "ಕಸೂತಿ ಹಾಕೋವಾಗ ಒಂದು ಗಂಟು ಬಿದ್ರೂ ನಮ್ಮವ್ವ ಬಿಚ್ಚಸ್ತಿದ್ಲು. ಇಲ್ಲಿ ನೋಡ್ರಿ, ಬರೇ ಗಂಟಿನಾಗ ಇಷ್ಟು ಚಂದ ಮಾಡ್ಯಾಳ!" ಎಂದಳು.

ಮಾಡಿದವಳು ಜುಡಿತ್ ಸ್ಕಾಟ್. 1943ರಲ್ಲಿ ಒಹಾಯೋ ರಾಜ್ಯದಲ್ಲಿ ಅವಳಿಗಳಲ್ಲೊಬ್ಬಳಾಗಿ ಹುಟ್ಟಿದ ಆಕೆಗೆ ಡೌನ್ ಸಿಂಡ್ರೋಮ್ ಇತ್ತು. ಕಿವಿಯೂ ಕೇಳುತ್ತಿರಲಿಲ್ಲ, ಆದರೆ ಅದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಪ್ರಶ್ನೆಗೆ ಉತ್ತರ ಕೊಡದ ಮಗುವನ್ನು ಏನನ್ನೂ ಕಲಿಯಲಾರದ ಮಗುವೆಂದು ಪರೀಕ್ಷಕರು ನಿರ್ಧರಿಸಿದರು. 1950ರಲ್ಲಿ, ಏಳನೆಯ ವಯಸ್ಸಿನಲ್ಲಿ, ಆಕೆಯನ್ನು ಸರಕಾರಿ ವಸತಿ ಸಂಸ್ಥೆಯೊಂದಕ್ಕೆ ಸೇರಿಸಲಾಯಿತು. ಬೆಳಗಾಗೆದ್ದ ಅವಳಿ ಸೋದರಿ ಜಾಯ್ಸಳಿಗೆ ತನ್ನ ಮಗ್ಗುಲು ಬರಿದಾಗಿ ಕಂಡಿತು. ಮೂರೂವರೆ ದಶಕಗಳ ಮೇಲೆ ಈ ಜಾಯ್ಸಳೇ ಅಧಿಕಾರಿಗಳೊಡನೆ ಹೆಣಗಿ, ಕಾನೂನಿನ ಪ್ರಕಾರ ಪೋಷಕಳಾಗಿ, 1986ರಲ್ಲಿ ಸೋದರಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆತಂದಳು.

ಆ ಹೊತ್ತಿಗೆ ಈ ಸೀಮೆಯ ನೆಲ ಹದವಾಗಿತ್ತು. ಅಂಗವಿಕಲರು ತಮ್ಮ ಬಾಳನ್ನು ತಾವೇ ನಡೆಸಬೇಕೆಂಬ ಚಳವಳಿ ನೆರೆಯ ಬರ್ಕ್ಲಿಯಲ್ಲಿ ಬೇರೂರಿತ್ತು. 1977ರ ಏಪ್ರಿಲಿನಲ್ಲಿ ಜುಡಿತ್ ಹ್ಯೂಮನ್ ಮೊದಲಾದವರ ಮುಂದಾಳುತನದಲ್ಲಿ ಅಂಗವಿಕಲರು ಸ್ಯಾನ್‌ಫ್ರಾನ್ಸಿಸ್ಕೋದ ಕೇಂದ್ರ ಸರಕಾರದ ಕಚೇರಿಯಲ್ಲಿ ಮೂರು ವಾರಗಳಿಗೂ ಮೀರಿ ಬೀಡುಬಿಟ್ಟು, ಭೇದಭಾವವನ್ನು ತಡೆಯುವ ನಿಯಮಗಳಿಗೆ ಸಹಿ ಹಾಕಿಸಿಕೊಂಡೇ ಎದ್ದಿದ್ದರು. ಕಲಾಕೇಂದ್ರವನ್ನು 1974ರಲ್ಲಿ ಆರಂಭಿಸಿದವರು ಬರ್ಕ್ಲಿಯ ಕಾಟ್ಸ್ ದಂಪತಿಗಳು.

ಒಳಗೆ ಉದ್ದನೆಯ ಮೇಜುಗಳು, ಬಣ್ಣದ ಡಬ್ಬಿಗಳು, ನೂಲಿನ ಉಂಡೆಗಳು. ಒಬ್ಬ ತರುಣ ನಮ್ಮತ್ತ ನೋಡದೆ ನೇಯುತ್ತಿದ್ದ. 1987ರಲ್ಲಿ ಇಲ್ಲಿಗೆ ಬಂದ ಜುಡಿತಳು ಎರಡು ವರ್ಷ ಯಾವುದರಲ್ಲೂ ಆಸಕ್ತಿ ತೋರಲಿಲ್ಲವಂತೆ. ಅವಳನ್ನು ಯಾರೂ ಹೊರಗೆ ಕಳುಹಿಸಲಿಲ್ಲ. ಒಮ್ಮೆ ನೂಲಿನ ತರಗತಿಯಲ್ಲಿ ಕುಳಿತಾಗ ಕಡ್ಡಿಗಳನ್ನು ಕಟ್ಟಿ ದಾರ ಸುತ್ತತೊಡಗಿದಳು; ಆ ಮೇಲೆ ನಿಲ್ಲಲಿಲ್ಲ. ಛತ್ರಿ, ಕುರ್ಚಿ, ಗಾಲಿ, ಸಿಕ್ಕಿದ್ದೆಲ್ಲ ನೂಲಿನೊಳಗೆ ಸೇರಿತು. ನೂಲು ಸಿಗದಿದ್ದಾಗ ಕೈ ಒರೆಸುವ ಕಾಗದವನ್ನೇ ಹೊಸೆದು ಗಂಟಿಕ್ಕಿದಳು. 2005ರಲ್ಲಿ ತೀರಿಕೊಳ್ಳುವ ಹೊತ್ತಿಗೆ 200ಕ್ಕೂ ಹೆಚ್ಚು ಕೃತಿಗಳಾಗಿದ್ದವು. ಆಕೆ ಒಂದು ಭಾಷಣ ಮಾಡಲಿಲ್ಲ, ಒಂದು ಮನವಿಗೆ ಸಹಿ ಹಾಕಲಿಲ್ಲ. ಆದರೂ 'ಕಲಿಯಲಾರಳು' ಎಂಬ ತೀರ್ಪಿಗೆ ಆ ಕೃತಿಗಳಿಗಿಂತ ಬಲವಾದ ಉತ್ತರವಿನ್ನೇನು?

ಅಲ್ಲಿ ನಿಂತಾಗ ನನಗೆ ನೆನಪಾದವಳು ನಮ್ಮ ದೊಡ್ಡಪ್ಪನ ಮಗಳು. ಮಾತು ಬಾರದ ಆ ಅಕ್ಕನನ್ನು ಶಾಲೆಗೆ ಕಳುಹಿಸಲಿಲ್ಲ. ಒಳಕೋಣೆಯಲ್ಲಿ ಕುಳಿತು ಹಳೆಯ ಸೀರೆಗಳ ಎಳೆ ಬಿಡಿಸಿ ಏನೇನೋ ಹೆಣೆಯುತ್ತಿದ್ದಳು. ಸಂಜೆಗೆ ಅದನ್ನು ಕಸವೆಂದು ಗುಡಿಸಿ ಹಿತ್ತಲಿಗೆ ಎಸೆಯುತ್ತಿದ್ದೆವು. ಎಷ್ಟೋ ಸಲ ಎಸೆದವನು ನಾನೇ. ಅವಳು ಏನು ಮಾಡುತ್ತಿದ್ದಾಳೆಂದು ಒಮ್ಮೆಯೂ ನೋಡಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಇದನ್ನು ಮಡದಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅವಳು, "ಊರಿಗೆ ಹೋದ ಮ್ಯಾಲೆ ಅಕ್ಕಾಗ ಒಂದಿಷ್ಟು ಉಣ್ಣಿ ಒಯ್ದು ಕೊಡೂಣ್ರಿ" ಎಂದಳು.